ಮೂವತ್ತೈದು ಇಂಚಿನ ಶ್ರುತಿ

ನಿನ್ನೆ ನಡುಮನೆಯ ಫ್ಯಾನು ಕೆಟ್ಟಿತು. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನಿಲ್ಲದೆ ಉಣ್ಣುವುದು ಒಲೆಯ ಮೇಲೆ ಕುಳಿತು ಉಂಡಂತೆ. ಆದ್ದರಿಂದ ಇವತ್ತು ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಹಿಂದಿನ ಕೋಣೆಗೆ ಹೋದೆ. ಎಷ್ಟೋ ವರ್ಷದಿಂದ ತಿರುಗದಿದ್ದ ಅಲ್ಲಿಯ ಫ್ಯಾನು ಎರಡು ಸುತ್ತು ನರಳಿ, ಮೂರನೆಯ ಸುತ್ತಿಗೆ ನನ್ನ ರೊಟ್ಟಿಯ ಮೇಲೆ, ಪುಂಡಿಪಲ್ಯದ ಮೇಲೆ, ಬೋಳುತಲೆಯ ಮೇಲೆ ಒಂದಿಷ್ಟು ಕಟ್ಟಿಗೆಯ ಹೊಟ್ಟು ಉದುರಿಸಿತು. ಹಳೆಯ ಸಾಗವಾನಿಯ ಹೊಟ್ಟು. ಇಷ್ಟು ವರ್ಷವಾದರೂ ಅದರ ವಾಸನೆ ಹೋಗಿಲ್ಲ. ಎಣ್ಣೆ ಹಚ್ಚಿದ ತೊಗಲಿನ ಹಾಗೆ ಸ್ವಲ್ಪ, ಹಳೆಯ ಪುಸ್ತಕದ ಹಾಗೆ ಸ್ವಲ್ಪ. ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸುಮಂಗಲಾ, "ನೀವ ಮಾಡಿದ್ದು, ನೀವ ಉಣ್ರಿ" ಅಂದು ಒಳಗೆ ಹೋದಳು.

ಅವಳು ಹೇಳಿದ್ದು ಖರೆ. ಏಳೆಂಟು ವರ್ಷದ ಹಿಂದೆ ಆ ಕೋಣೆಯಲ್ಲಿ ನಾನು ಒಂದು ಬೇಸ್ ಗಿಟಾರು ಮಾಡಿದ್ದೆ. ಬೇಸ್ ಗಿಟಾರು ಅಂದರೆ ನೀವು ನೋಡಿರುತ್ತೀರಿ. ಮದುವೆಯ ಆರ್ಕೆಸ್ಟ್ರಾದಲ್ಲಿ ಎಲ್ಲರಿಗಿಂತ ಹಿಂದೆ ನಿಂತು, ಯಾರ ಮುಖವನ್ನೂ ನೋಡದೆ, ಉದ್ದ ಕತ್ತಿನ ನಾಲ್ಕು ದಪ್ಪ ತಂತಿಯ ವಾದ್ಯದಲ್ಲಿ ಧಂ ಧಂ ಎಂದು ತಳದ ಸ್ವರ ನುಡಿಸುತ್ತಿರುತ್ತಾನಲ್ಲ, ಅವನ ಕೈಯಲ್ಲಿರುವುದು ಅದೇ. ಅವನು ನಿಲ್ಲಿಸಿದಾಗ ಮಾತ್ರ ಅವನೊಬ್ಬ ಇದ್ದ ಅನ್ನುವುದು ಜನಕ್ಕೆ ತಿಳಿಯುತ್ತದೆ.

ಇಷ್ಟು ಕೇಳಿ ನೀವು ನನ್ನನ್ನು ಸಂಗೀತದ ಹುಚ್ಚನೆಂದು ತಿಳಿದರೆ ಮೋಸ ಹೋಗುತ್ತೀರಿ. ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ. ಬೆಳಗಿನ ಪ್ರಾರ್ಥನೆಯಲ್ಲಿ ಬಾಯಿ ಆಡಿಸಿ ದನಿ ಹೊರಡಿಸದೆ ನಿಲ್ಲುವವನು. ನಾನು ಆ ವಾದ್ಯ ಮಾಡಿದ್ದು ಒಂದು ಮಾತು ಹೇಳುವ ಧೈರ್ಯವಿಲ್ಲದ್ದಕ್ಕೆ. ಹೇಳಲಾರದ ಮಾತಿಗೆ ಜನ ಚೀಟಿ ಬರೆಯುತ್ತಾರೆ, ನಡುವೆ ಯಾರನ್ನಾದರೂ ಕಳಿಸುತ್ತಾರೆ, ತೀರ ಅಂದರೆ ಊರು ಬಿಡುತ್ತಾರೆ. ಗರಗಸ ಹಿಡಿದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಆ ಮಾತು ಹೇಳಬೇಕಾಗಿದ್ದದ್ದು ನಮ್ಮ ದೊಡ್ಡಪ್ಪ ಬಸಲಿಂಗಪ್ಪನವರಿಗೆ. ದೊಡ್ಡಪ್ಪ ಇರುವುದು ಮಾನ್ವಿಯಲ್ಲಿ. ಅಲ್ಲಿಯ ಒಂದು ರೈಸ್ ಮಿಲ್ಲಿನಲ್ಲಿ ಮೀಸೆ ಬಂದಾಗಿನಿಂದ ಅದು ಬೆಳ್ಳಗಾಗುವ ತನಕ ಮಷಿನ್ ನೋಡಿಕೊಂಡಿದ್ದರು. ಮಿಲ್ಲು ಅವರ ಕಿವಿಗಳನ್ನು ಸ್ವಲ್ಪ ಸ್ವಲ್ಪವೇ ಇಸಿದುಕೊಂಡಿತು. ಪೂರ್ತಿ ಕಿವುಡರಲ್ಲ. ಸಣ್ಣ ದನಿ, ಮೇಲಿನ ದನಿ ಯಾವುದೂ ಕೇಳುತ್ತಿರಲಿಲ್ಲ ಅಷ್ಟೆ: ಫೋನಿನ ಗಂಟೆ, ಕುಕ್ಕರಿನ ಸೀಟಿ, ಗುಬ್ಬಿ, ಹೆಂಗಸರ ಮಾತು. "ಕಡೀದು ದೇವರು ಮಾಡಿದ ಉಪಕಾರ" ಎಂದು ದೊಡ್ಡವ್ವ ಪಕ್ಕದಲ್ಲಿ ಇಲ್ಲದಾಗ ಹೇಳುತ್ತಿದ್ದರು. ಕಿವಿಗೆ ಹಾಕುವ ಮಷಿನ್ ಕೊಡಿಸಿದೆವು. ಎರಡು ದಿನ ಹಾಕಿಕೊಂಡು, "ಇದರಾಗ ಬರೇ ಮಿಲ್ಲ ಕೇಳಸ್ತದ" ಅಂದು ತೆಗೆದು ದೇವರ ಮಾಡದಲ್ಲಿ ಇಟ್ಟರು. ಅದಕ್ಕೆ ಇವತ್ತಿಗೂ ದಿನಾ ವಿಭೂತಿ ಬೀಳುತ್ತದೆ.

ಮಿಲ್ಲಿನ ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲ. ಅಲ್ಲಿ ದುಡಿಯುವವರು ಒಬ್ಬರ ತುಟಿ ಒಬ್ಬರು ನೋಡಿ ಮಾತಾಡಿಕೊಳ್ಳುತ್ತಾರೆ. ದೊಡ್ಡಪ್ಪನಿಗೂ ಆ ವಿದ್ಯೆ ಬಂದಿತ್ತು. ಹೋಟೆಲಿನ ಈ ತುದಿಯಲ್ಲಿ ಕುಳಿತು, ಆ ತುದಿಯವರು ಇಡ್ಲಿಗೆ ಹೇಳಿದರೋ ಮಿರ್ಚಿಗೆ ಹೇಳಿದರೋ ನಮಗೆ ತಿಳಿಸುತ್ತಿದ್ದರು. ನಮಗೆ ಅದೊಂದು ತಮಾಷೆಯಾಗಿತ್ತು. ಮದುವೆ ಮುಂಜಿಗಳಲ್ಲಿ ನಾಲ್ಕು ಮಂದಿ ಸೇರಿದಾಗ ಅವರಿಂದ ಈ ಆಟ ಆಡಿಸಿ ನಗುತ್ತಿದ್ದೆವು.

ಇನ್ನು ಹಾಡು. ದೊಡ್ಡಪ್ಪ ಭಜನಾ ಮೇಳದಲ್ಲಿ ತತ್ವಪದ ಹಾಡುವವರು. ಸೋಮವಾರ ಸೋಮವಾರ ಮಾನ್ವಿಯ ಗುಡಿಯಲ್ಲಿ, ಶ್ರಾವಣದ ಕಡೆಯ ಸೋಮವಾರ ದೇವದುರ್ಗದ ಆಚೆ ಗೂಗಲ್ ಎಂಬ ಊರಲ್ಲಿ, ಕೃಷ್ಣೆಯ ದಂಡೆಯ ಅಲ್ಲಮಪ್ರಭುವಿನ ಗುಡಿಯ ಮುಂದೆ. ಹಾಡು ಬಿಟ್ಟರೆ ಅವರಿಗೆ ಬೇರೆ ಏನೂ ಇರಲಿಲ್ಲ. ಮಿಲ್ಲಿನಲ್ಲಿ ಅವರು ಹತ್ತರಲ್ಲಿ ಹನ್ನೊಂದನೆಯವರು. ಮೇಳದಲ್ಲಿ ಮಾತ್ರ ಅವರು ಬಂದರೆ ನಾಲ್ಕು ಜನ ಎದ್ದು ಜಾಗ ಬಿಡುತ್ತಿದ್ದರು, ಆ ಜಾಗ ಬಿಡಿಸಿಕೊಳ್ಳುವ ಖುಷಿಗೇ ಅವರು ಅರ್ಧ ಗಂಟೆ ತಡವಾಗಿ ಹೋಗುತ್ತಿದ್ದರು.

ಕಿವಿಯ ಹಿಂದೆ ಶ್ರುತಿಯೂ ಹೋಯಿತು. ಮೇಳದ ಚೆನ್ನಬಸಪ್ಪನವರ ಹಾರ್ಮೋನಿಯಂ ಒಂದು ಊರಲ್ಲಿ, ದೊಡ್ಡಪ್ಪನ ದನಿ ಇನ್ನೊಂದು ಊರಲ್ಲಿ, ತಬಲಾದವನು ಬಸ್ಸು ತಪ್ಪಿದವನ ಹಾಗೆ ಎರಡರ ನಡುವೆ. ಕೇಳುವವರು ಮೊದಮೊದಲು ತಲೆ ತಗ್ಗಿಸಿದರು, ಆಮೇಲೆ ಮುಸಿಮುಸಿ ನಕ್ಕರು. ಒಂದು ಸೋಮವಾರ ಮೇಳದ ಹಿರಿಯ ಅಮರೇಶಪ್ಪ ನನ್ನನ್ನು ಗುಡಿಯ ಅಂಗಳದ ಮೂಲೆಗೆ ಕರೆದರು. ದೊಡ್ಡಪ್ಪ ಅಂಗಳದ ಆಚೆಯ ಕಟ್ಟೆಯ ಮೇಲೆ ನಮ್ಮ ಕಡೆ ಮುಖ ಮಾಡಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಸರ, ನೀವು ಓದಿದವ್ರು, ನಿಮ್ಮ ಮಾತು ಕೇಳ್ತಾರ" ಅಂದರು ಅಮರೇಶಪ್ಪ. "ಕಡೀ ಸೋಮವಾರ ಗೂಗಲ್‌ದಾಗ ಊರೂರ ಮಂದಿ ಕೂಡ್ತದ. ಇನ್ನ ಹಾಡಾದು ಬ್ಯಾಡ, ತಾಳ ಹಿಡೀರಿ ಅಂತ ಬಸಲಿಂಗಪ್ಪನವರಿಗೆ ನೀವ ಹೇಳ್ರಿ."

"ನೀವ ಹೇಳ್ರಲಾ."

"ನಾ ಹೆಂಗ ಹೇಳ್ಲಿ? ನನಗ ಹಾಡ ಕಲಿಸಿದವ್ರ ಅವ್ರು."

ಅವರಿಗೆ ಕಲಿಸಿದ್ದರಂತೆ, ಅದಕ್ಕೆ ಅವರು ಹೇಳಲಾರರು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿಸಿದ್ದರು, ನಾನು ಹೇಳಬಲ್ಲೆ. ಆದರೂ ಓದಿದವನೆಂದು ಹೊಗಳಿದ್ದರಲ್ಲ, ಆಯ್ತು ಹೇಳ್ತೀನಿ ಎಂದೆ. ಗೂಗಲ್‌ಗೆ ಇನ್ನೂ ಎರಡು ತಿಂಗಳಿತ್ತು. ಪ್ರತಿ ವಾರ ಮಾನ್ವಿಗೆ ಹೋದೆ, ದೊಡ್ಡಪ್ಪನ ಎದುರು ಕುಳಿತೆ, ಮಳೆ ಬೆಳೆ ಮಾತಾಡಿದೆ, ಚಹಾ ಕುಡಿದು ವಾಪಸ್ ಬಂದೆ. ಆ ಎರಡು ತಿಂಗಳಲ್ಲಿ ನಾನು ಮಳೆಯ ಬಗ್ಗೆ ಆಡಿದಷ್ಟು ಮಾತು ಹವಾಮಾನದವರೂ ಆಡಿರಲಿಕ್ಕಿಲ್ಲ.

ನಡುವೆ ಮಾನ್ವಿಯಲ್ಲಿ ಒಂದು ಮದುವೆ. ಆರ್ಕೆಸ್ಟ್ರಾ ಕರೆಸಿದ್ದರು. ಕುಕ್ಕರಿನ ಸೀಟಿ ಕೇಳದ ದೊಡ್ಡಪ್ಪ ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿದರು. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡರು. "ಲೇ ತಮ್ಮಾ, ಇದ್ಯಾವ ವಾದ್ಯ? ಶ್ರುತಿ ಎಷ್ಟ ಸಾಫ್ ಕೇಳಾಕತ್ತದ" ಅಂದರು. ಅಂದವರು ಗುನುಗಿದರು. ಎರಡು ವರ್ಷದಲ್ಲಿ ಮೊದಲ ಸಲ ಅವರ ದನಿ ಇರಬೇಕಾದ ಕಡೆ ಇತ್ತು. ನಾನು ಎಲೆ ಬಿಟ್ಟು ಎದ್ದು ವೇದಿಕೆಯ ಹಿಂದೆ ಹೋಗಿ ನೋಡಿದೆ. ಉದ್ದ ಕತ್ತಿನ ನಾಲ್ಕು ತಂತಿ. ಅಲ್ಲಿಗೆ ನನಗೆ ಹೊಳೆಯಿತು: ದೊಡ್ಡಪ್ಪನ ಕಿವಿಯಲ್ಲಿ ಮೇಲಿನ ದನಿಗಳಿಗೆ ಬಾಗಿಲು ಮುಚ್ಚಿದೆ, ಕೆಳಗಿನ ದನಿಗಳಿಗೆ ಇನ್ನೂ ತೆರೆದಿದೆ. ಜೊತೆಗೆ ಆ ದನಿ ಕಿವಿಯೊಂದನ್ನೇ ನಂಬಿಕೊಂಡಿಲ್ಲ, ಎಲುಬಿಗೂ ತಟ್ಟುತ್ತದೆ. ಇಂಥದ್ದೊಂದು ಪಕ್ಕದಲ್ಲಿದ್ದರೆ ಅವರು ಹಾಡುತ್ತಾರೆ, ನಾನು ಆ ಮಾತು ಹೇಳುವುದು ತಪ್ಪುತ್ತದೆ.

ಕೊಂಡು ತರಬಹುದಿತ್ತಲ್ಲ ಅನ್ನುತ್ತೀರಿ. ಸುಮಂಗಲಾ ಅದನ್ನೇ ಅಂದಳು. ಆರ್ಕೆಸ್ಟ್ರಾದ ಸಾಮಾನನ್ನು ಮೇಳದವರು ಗುಡಿಯ ಕಟ್ಟೆ ಹತ್ತಿಸುವುದಿಲ್ಲ, ಮನೆಯವರು ಕೈಯಾರೆ ಮಾಡಿದ್ದಾದರೆ ಬೇಡ ಅನ್ನಲಾರರು ಎಂದು ಅವಳಿಗೆ ಸಮಜಾಯಿಷಿ ಕೊಟ್ಟೆ. ಅದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಯಾವನೋ ಪರದೇಶದ ದೊರೆ ತನ್ನ ಮನೆಯ ಹಿತ್ತಿಲಲ್ಲಿ ಗಿಟಾರು ಕೆತ್ತುವ ಮೂರು ವಿಡಿಯೋ ನೋಡಿದ್ದೆ. ಅವನು ಒಂದು ಹನಿಯೂ ಬೆವರದೆ ಮಾಡಿ ಮುಗಿಸಿದ್ದ. ಅವನು ರಾಯಚೂರಿನವನಲ್ಲ ಅನ್ನುವುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕಟ್ಟಿಗೆ ಸಿಕ್ಕಿದ್ದು ದೊಡ್ಡಪ್ಪನ ಮಿಲ್ಲಿನಲ್ಲೇ. ಹೊಸ ಮಷಿನ್ ಬಂದು, ಹಳೆಯ ಸಾಗವಾನಿಯ ಚೌಕಟ್ಟನ್ನೆಲ್ಲ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಯಾವ ಹಲಗೆ ಗಟ್ಟಿ ಎಂದು ದೊಡ್ಡಪ್ಪನೇ ತಟ್ಟಿ ತೋರಿಸಿದರು, ಯಾತಕ್ಕೆ ಎಂದು ಕೇಳಲಿಲ್ಲ. ಕಿವಿ ತೆಗೆದುಕೊಂಡ ಮಿಲ್ಲೇ ಕಟ್ಟಿಗೆ ಕೊಟ್ಟಿತು ಎಂದು ಇಲ್ಲಿ ಒಂದು ದೊಡ್ಡ ಮಾತು ಹೇಳಬಹುದು. ಮಿಲ್ಲಿಗೆ ಅಂಥ ಘನವಾದ ಉದ್ದೇಶ ಇರಲಿಲ್ಲ, ಜಾಗ ಖಾಲಿಯಾಗಬೇಕಿತ್ತು.

ಹಿಂದಿನ ಕೋಣೆ ನನ್ನ ಕಾರ್ಖಾನೆಯಾಯಿತು. ಶಾಲೆ ಬಿಟ್ಟ ಮೇಲೆ ಕತ್ತಲಾಗುವ ತನಕ ಅಂಗಿ ಬಿಚ್ಚಿ ಹಲಗೆ ಉಜ್ಜುತ್ತಿದ್ದೆ. ಹೊಟ್ಟು ಬೆವರಿಗೆ ಅಂಟಿ, ಉಣ್ಣಲು ಕೂತಾಗ ಸುಮಂಗಲಾ ನನ್ನನ್ನು ಗುರುತು ಹಿಡಿಯಲಾರದವಳ ಹಾಗೆ ನಟಿಸುತ್ತಿದ್ದಳು. ಓಣಿಯವರು ಒಬ್ಬೊಬ್ಬರಾಗಿ ಬಂದರು. ಒಬ್ಬರು ತೊಟ್ಟಿಲೇನು ಎಂದು ಕೇಳಿ, ನಮ್ಮ ವಯಸ್ಸು ನೆನಪಾಗಿ, ಮಾತು ಬದಲಿಸಿದರು. ಕುರ್ಡಿಯಿಂದ ಬಂದಿದ್ದ ನನ್ನ ಮಾವ ಅದರ ಸುತ್ತ ಎರಡು ಪ್ರದಕ್ಷಿಣೆ ಹಾಕಿ, "ಕೂರಿಗಿ ಮಾಡಾಕತ್ತೀರೇನ್ರಿ ಅಳಿಯಂದ್ರ? ಬೀಜ ಎಲ್ಲಿಂದ ಬೀಳ್ತದ?" ಎಂದು ಗಂಭೀರವಾಗಿ ಕೇಳಿದರು.

ಒಡಲನ್ನು ಹೇಗೋ ಕೆತ್ತಿದೆ. ಕತ್ತು ಮಾತ್ರ ಕೈಕೊಟ್ಟಿತು. ಮೊದಲನೆಯ ಕತ್ತು ಮುರಿಯಿತು, ಎರಡನೆಯದು ಬಿಸಿಲಿಗೆ ಬಾಗಿತು. ಎರಡನೆಯದರಿಂದ ಸುಮಂಗಲಾ ಇವತ್ತಿಗೂ ಹಾಸಿಗೆ ಬಡಿಯುತ್ತಾಳೆ, ಬಾಗು ಇರುವುದರಿಂದ ಕೈಗೆ ಚೆನ್ನಾಗಿ ಕೂರುತ್ತದಂತೆ. ಕೊನೆಗೆ ಸೋತು, ಒಡಲನ್ನು ಹಳೆಯ ಚಾದರದಲ್ಲಿ ಸುತ್ತಿಕೊಂಡು ದೇವದುರ್ಗದ ಬಸ್ಸು ಹತ್ತಿ ಮೋನಪ್ಪನವರ ಹತ್ತಿರ ಹೋದೆ.

ಮೋನಪ್ಪ ಬಾಗಿಲು ಮಾಡುವುದರಲ್ಲಿ ಹೆಸರಾದ ಬಡಿಗೇರರು. ಅವರು ಕೂರಿಸಿದ ಬಾಗಿಲು ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ತೆರೆಯುತ್ತದೆ. ಅಮಾವಾಸ್ಯೆಗೆ ಉಳಿ ಮುಟ್ಟುವವರಲ್ಲ, ಹೆಚ್ಚು ಮಾತಾಡುವವರೂ ಅಲ್ಲ. ಅವರ ಮುಂದೆ ನಾನು ಅಚ್ಚು ಹಾಕಿಸಿದ ಕಾಗದದ ನಕ್ಷೆ ಬಿಚ್ಚಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ತಂತಿಯ ಉದ್ದ ಮೂವತ್ತನಾಲ್ಕು ಇಂಚು. ಕತ್ತಿನ ಮೇಲೆ ಅಡ್ಡಲಾಗಿ ಇಪ್ಪತ್ತು ಲೋಹದ ಪಟ್ಟಿ, ವೀಣೆಯಲ್ಲಿ ಇರುವಂಥ ಮೆಟ್ಟಿಲು, ನಮ್ಮ ಕಡೆಯ ಮಾತಲ್ಲಿ ಪಾವಟಗಿ. ಒಂದೊಂದು ಮೆಟ್ಟಿಲಿನ ಹತ್ತಿರ ಬೆರಳೊತ್ತಿದರೆ ಒಂದೊಂದು ಸ್ವರ. ಮೇಲಿಂದ ಕೆಳಗೆ ಬಂದಂತೆ ಮೆಟ್ಟಿಲುಗಳ ನಡುವಿನ ಜಾಗ ಕಿರಿದಾಗುತ್ತದೆ. ಗೆರೆ ಇದ್ದಲ್ಲೇ ಪಟ್ಟಿ ಬರಬೇಕು. ಎಲ್ಲ ಕೇಳಿ 'ಹೂಂ' ಅಂದ ಮೋನಪ್ಪ ಒಂದೇ ಒಂದು ಪ್ರಶ್ನೆ ಕೇಳಿದರು.

"ಸರ, ಇದು ಮನ್ಯಾಗ ಇಡಾದೋ, ಗುಡಿಗಿ ಒಯ್ಯಾದೋ?"

"ಗುಡಿಗೆ."

"ಹಂಗಾದ್ರ ಬರೋಬ್ಬರಿ ಮಾಡಿಕೊಡ್ತೀನಿ" ಅಂದರು.

ಹನ್ನೆರಡು ದಿನಕ್ಕೆ ತಯಾರಾಯಿತು. ಕತ್ತು ಒಡಲಿಗೆ ಕೂಡಿತ್ತು, ತಂತಿ ಕೂರುವ ಕುದುರೆಯೂ ತನ್ನ ಜಾಗದಲ್ಲಿತ್ತು. ಬೆಸುಗೆ ಎಲ್ಲಿದೆ ಎಂದು ಉಗುರಿನಿಂದ ಹುಡುಕಿದರೂ ಸಿಗಲಿಲ್ಲ. ಹೊಸ ಬಟ್ಟೆಯಲ್ಲಿ ಸುತ್ತಿ, ತುದಿಗೆ ಅರಿಷಿಣ ಹಚ್ಚಿ ಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ, ಕಂಡಕ್ಟರ್ ಕೂಸಿದೆ ಎಂದು ತಿಳಿದು ಕಿಟಕಿಯ ಸೀಟು ಕೊಡಿಸಿದ. ಮನೆಯಲ್ಲಿ, ದನಿಯನ್ನು ಸ್ಪೀಕರಿಗೆ ಮುಟ್ಟಿಸುವ ಅಯಸ್ಕಾಂತದ ಪೆಟ್ಟಿಗೆ ಕೂರಿಸಿ, ಹೈದರಾಬಾದಿನಿಂದ ತರಿಸಿದ ತಂತಿ ಬಿಗಿದೆ. ಬೆರಳಿಡದೆ ಮಿಡಿದರೆ ಗುಡಿಯ ದೊಡ್ಡ ಗಂಟೆಯಂಥ ನಾದ. ಬೆರಳಿಟ್ಟರೆ ಮುಗಿಯಿತು. ಒಂದು ಮೆಟ್ಟಿಲಿನಲ್ಲೂ ಸ್ವರ ಸರಿಯಿಲ್ಲ. ಸ ಅಂದಲ್ಲಿ ಸ ಇಲ್ಲ, ಪ ಅಂದಲ್ಲಿ ಪ ಇಲ್ಲ, ಅವುಗಳ ಹತ್ತಿರದ ಬಡ ಬಂಧುಗಳು ಮಾತ್ರ ಇದ್ದರು. ಆಗ ಟೇಪು ಹಿಡಿದು ಅಳೆದೆ. ತಂತಿ ಮೂವತ್ತೈದು ಇಂಚು ಇತ್ತು. ಎರಡು ಸಲ ಅಳೆದು ಒಂದು ಸಲ ಬರೆಯಿರಿ ಎಂದು ವರ್ಷವಿಡೀ ಮಕ್ಕಳ ತಲೆ ತಿನ್ನುವ ನಾನು, ತಂತಿ ಬಿಗಿಯುವ ತನಕ ಒಂದು ಸಲವೂ ಅಳೆದಿರಲಿಲ್ಲ. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ಗೂಗಲ್‌ನ ಸೋಮವಾರಕ್ಕೆ ಆಗ ಉಳಿದಿದ್ದು ನಾಲ್ಕೇ ದಿನ. ಮಾರನೆಯ ದಿನ ರಜೆ ಹಾಕಿ ದೇವದುರ್ಗಕ್ಕೆ ಹೋದೆ. ಮೋನಪ್ಪ ಒಂದು ಚೌಕಟ್ಟನ್ನು ಹತ್ತರಿಯಿಂದ ಹೆರೆದು ನುಣುಪು ಮಾಡುತ್ತಿದ್ದರು.

"ನಾ ಎಷ್ಟ ಬರದಿದ್ದೆ ಮೋನಪ್ಪ?"

"ಮೂವತ್ತನಾಕು ಬರದಿದ್ರಿ ಸರ. ನಾ ಮೂವತ್ತೈದು ಮಾಡೀನಿ" ಅಂದರು. ದನಿಯಲ್ಲಿ ಸಂತೋಷವಿತ್ತು, ಇಷ್ಟು ಬೇಗ ಗೊತ್ತಾಯಿತಲ್ಲ ಎಂದು.

"ಯಾಕ?"

"ಮೂವತ್ತನಾಕಕ್ಕ ಎಂಟರ ಲೆಕ್ಕ ಹಾಕಿದ್ರ ಎರಡು ಉಳಿತದ. ಎರಡು ಅಂದ್ರ ಧೂಮಾಯ, ಹೊಗಿ. ಗುಡಿಗಿ ಹೋಗಾ ಸಾಮಾನಿಗೆ ಹೊಗಿ ಆಯ ಇಡಾಕ ಬರ್ತದೇನ್ರಿ? ಒಂದ ಇಂಚು ಕೂಡಿಸಿದ್ರ ಮೂರು ಉಳಿತದ. ಸಿಂಹಾಯ. ನಿಮಗ ತಿಳೀದು ಅಂತ ನಾನ ಸರಿ ಮಾಡಿದ್ನಿ."

ನಮ್ಮ ಕಡೆ ಆಯ ನೋಡದೆ ಬಾಗಿಲು ನಿಲ್ಲಿಸುವ ಬಡಿಗೇರ ಇಲ್ಲ. ಉದ್ದವನ್ನು ಎಂಟರಿಂದ ಭಾಗಿಸಿ, ಉಳಿದದ್ದು ಸಿಂಹವಾದರೆ ಒಳ್ಳೆಯದು, ಹೊಗೆಯಾದರೆ ಕೆಟ್ಟದ್ದು. ಅಷ್ಟಾದರೂ ಕ್ಷಮಿಸಬಹುದಿತ್ತು. ಕೂಡಿಸಿದ ಒಂದು ಇಂಚನ್ನು ಏನು ಮಾಡಿದಿರಿ ಎಂದು ಕೇಳಿದೆ. ನನ್ನ ನಕ್ಷೆಯನ್ನು ಗೆರೆಗೆರೆಗೂ ಕತ್ತರಿಸಿ, ಇಪ್ಪತ್ತು ಮೆಟ್ಟಿಲಿಗೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಸಮನಾಗಿ ಹಂಚಿದ್ದರಂತೆ. "ಒಬ್ಬಗ ಹೆಚ್ಚು ಒಬ್ಬಗ ಕಮ್ಮಿ ಆಗಬಾರದಲ್ರಿ" ಅಂದರು, ಅಣ್ಣತಮ್ಮಂದಿರ ಪಾಲು ಮಾಡಿದವರ ಹಾಗೆ. ಸಂಗೀತದಲ್ಲಿ ಪಾಲು ಸಮ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನು ಹೇಳಿದ್ದೆ, ಅವರಿಗೆ ಅದು ನನ್ನ ನಕ್ಷೆಯ ತಪ್ಪಿನಂತೆ ಕಂಡಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಆಡಬಾರದ್ದನ್ನು ಆಡಿದೆ. "ಬಾಗಲಾ ಮಾಡಾವಗ ವಾದ್ಯ ಕೊಟ್ಟಿದ್ದು ನನ್ನ ತಪ್ಪು. ಉಳಿ ಹಿಡಿದವರೆಲ್ಲ ಬಡಿಗ್ಯಾರ ಆಗಂಗಿಲ್ಲ" ಎಂದೆ. ಮೋನಪ್ಪ ಹತ್ತರಿಯನ್ನು ಕೆಳಗಿಟ್ಟರು. ಆಮೇಲೆ, ಚುಚ್ಚಲಿಕ್ಕಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗೆ, "ಒಯ್ಯೂಮುಂದ ನೀವು ಅಳದು ನೋಡ್ಲಿಲ್ಲೇನ್ರಿ ಸರ?" ಅಂದರು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಶನಿವಾರ ಕಣ್ಣು ತೋರಿಸಲೆಂದು ದೊಡ್ಡಪ್ಪ ರಾಯಚೂರಿಗೆ ಬಂದರು. ನಾನು ಹಿಂದಿನ ಕೋಣೆಯಲ್ಲಿ ಆ ಗಿಟಾರನ್ನು ಕಾಲ ಮೇಲೆ ಹಾಕಿಕೊಂಡು, ಸತ್ತ ಮನೆಯವನ ಹಾಗೆ ಕುಳಿತಿದ್ದೆ. ಸುಮಂಗಲಾ ಚಹಾ ಕೊಡುತ್ತ ದೊಡ್ಡಪ್ಪನ ಎದುರಿಗೇ ನಿಂತು, "ಇವತ್ತರ ಹೇಳಿಬಿಡ್ರಿ ತಾಳ ಹಿಡೀರಿ ಅಂತ. ಎರಡ ತಿಂಗಳಾತು, ಧೈರ್ಯ ಇಲ್ಲದ ಗಂಡಸು" ಅಂದಳು. ದೊಡ್ಡಪ್ಪ ಚಹಾ ಊದಿ ಕುಡಿಯುತ್ತಿದ್ದರು. ಹೇಗೂ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ನಾನೂ, "ಹೇಳ್ತೀನಿ, ಜರಾ ತಡಿ. ಅವರಿಗೆ ಹಾಡು ಬಿಡಸಾದು ಅಂದ್ರ ಹುಡುಗಾಟ ಏನು?" ಎಂದೆ. ದೊಡ್ಡಪ್ಪ ಕಪ್ಪು ಕೆಳಗಿಟ್ಟು, "ಇದೇನ್ಲೇ ತಮ್ಮಾ?" ಎಂದು ಗಿಟಾರಿನ ಮೇಲೆ ಕೈಯಿಟ್ಟರು.

ಸ್ಪೀಕರಿಗೆ ವೈರು ಸಿಕ್ಕಿಸಿ, ಮೆಟ್ಟಿಲುಗಳ ಗೊಡವೆಯೇ ಬೇಡವೆಂದು, ಬೆರಳಿಡದೆ ಎರಡನೆಯ ತಂತಿಯನ್ನು ಸುಮ್ಮನೆ ಮಿಡಿದೆ. ದೊಡ್ಡಪ್ಪ ಕೈ ತೆಗೆಯಲಿಲ್ಲ. "ಮತ್ತ ಹಚ್ಚು" ಅಂದರು. ಮತ್ತೆ ಮಿಡಿದೆ. "ಒಂದೀಟು ಏರಸು." ಬಿರಡೆ ತಿರುವಿದೆ. "ಸಾಕು, ಅಲ್ಲೇ ಬಿಡು." ಕಣ್ಣು ಮುಚ್ಚಿ, ಅಂಗೈಯನ್ನು ಸಾಗವಾನಿಗೆ ಒತ್ತಿ ಹಿಡಿದು, ಒಂದು ಪದ ಎತ್ತಿಕೊಂಡರು. ನಾನು ಅದೊಂದೇ ತಂತಿಯನ್ನು ಮಿಡಿಯುತ್ತ ಹೋದೆ. ಪದ ಮೇಲೆ ಹೋಯಿತು, ಕೆಳಗಿಳಿಯಿತು, ಎಲ್ಲೆಲ್ಲೋ ತಿರುಗಿ ಮನೆಗೆ ಬರುವವನ ಹಾಗೆ ಪ್ರತಿ ಸಲವೂ ತಪ್ಪದೆ ಅದೇ ಸ್ವರಕ್ಕೆ ಬಂದು ನಿಂತಿತು. ಸುಮಂಗಲಾ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ನನಗೆ ಅಳು ಬಂತು, ಹೊಟ್ಟು ಕಣ್ಣಿಗೆ ಬಿತ್ತೆಂದು ಒರೆಸಿಕೊಂಡೆ.

ಪದ ಮುಗಿಯುವ ಹೊತ್ತಿಗೆ ಸುಮಂಗಲಾಳ ಹಿಂದೆ ಇನ್ನೊಬ್ಬರು ನಿಂತಿದ್ದರು. ಮೋನಪ್ಪ. ಕಂಕುಳಲ್ಲಿ ಹೊಸ ಕತ್ತು.

"ರಾತ್ರಿಯೆಲ್ಲ ಕುಂತು ಮೂವತ್ತನಾಕರದ ಮಾಡೀನಿ ಸರ" ಅಂದರು, ನನ್ನ ಮುಖ ನೋಡದೆ. "ನಿಮ್ಮ ಗೆರಿ ಇದ್ದಲ್ಲೇ ಪಟ್ಟಿ ಅದಾವ. ಧೂಮಾಯ ಬಂದ್ರ ಬರ್ಲಿ, ಆ ಪಾಪ ನನಗ ಇರ್ಲಿ."

ಅಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಆಯದ ನೇಮವನ್ನು ನನ್ನ ಒಂದು ಕೆಟ್ಟ ಮಾತಿಗೆ ಬಿಟ್ಟುಕೊಟ್ಟು ಆ ಮನುಷ್ಯ ಬಸ್ಸು ಹತ್ತಿ ಬಂದಿದ್ದರು. ಅದು ಬೇಕಾಗಿಲ್ಲ, ಒಂದು ತಂತಿ ಒಂದು ಸ್ವರ ಸಾಕಾಗಿದೆ ಎಂದು ನಾನು ತೊದಲುತ್ತ ಹೇಳಬೇಕಾಯಿತು. ಮೋನಪ್ಪ ಗಿಟಾರನ್ನೂ ನನ್ನನ್ನೂ ಒಮ್ಮೆ ನೋಡಿದರು.

"ಒಂದ ಸ್ವರ ಬೇಕಿತ್ತಂದ್ರ, ಈ ಇಪ್ಪತ್ತು ಪಾವಟಗಿ ಯಾಕ ಮಾಡಿಸಿದ್ರಿ ಸರ?"

ಗುಡ್ಡ ಅಗೆದು ಇಲಿ ಹಿಡಿದಿದ್ದೆ. ಸುಮಂಗಲಾ ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಓಡಿದಳು. ತಪ್ಪಾಯ್ತು ಮೋನಪ್ಪ ಅನ್ನುವ ಮಾತು ನನ್ನ ಗಂಟಲ ತನಕ ಬಂತು. ಬಂದದ್ದು ಅಲ್ಲೇ ಕುಳಿತು, ಬಾಯಿಂದ "ಚಾ ಕುಡೀರಿ" ಎಂದಷ್ಟೇ ಹೊರಟಿತು. ಅವರು ಕುಡಿದರು. ಹೋಗುವಾಗ ಹೊಗೆ ಆಯದ ಕತ್ತು ಮನೆಯಲ್ಲಿ ಇಡುವುದು ಬೇಡ ಎಂದು ಅದನ್ನು ವಾಪಸ್ ಒಯ್ದರು.

ಗೂಗಲ್‌ನಲ್ಲಿ ಅವತ್ತು ಹೊಳೆ ತುಂಬಿ ಹರಿಯುತ್ತಿತ್ತು. ಸ್ಪೀಕರ್ ಇಳಿಸಿದ್ದನ್ನು ನೋಡಿ ಅಮರೇಶಪ್ಪ, "ಗುಡಿಗಿ ಡಿಜೆ ತಂದ್ರೇನ್ರಿ?" ಅಂದರು. ಮಿಲ್ಲಿನ ಕಟ್ಟಿಗೆ, ಮೋನಪ್ಪನವರ ಕೆಲಸ, ಸಿಂಹಾಯ ಎಂದೆ. ಆಯದ ಹೆಸರು ಕೇಳಿ ಅವರಿಗೆ ಬೇಡ ಅನ್ನಲಾಗಲಿಲ್ಲ. ಆಮೇಲೆ ಹತ್ತಿರ ಬಂದು, "ಹೇಳಿದ್ರೇನು?" ಎಂದರು. ಹಾಡು ಮುಗಿದ ಮೇಲೆ ಹೇಳುತ್ತೇನೆ ಎಂದೆ. ದೊಡ್ಡಪ್ಪನಿಗೆಂದು ಉಜ್ಜಿ ತಂದಿದ್ದ ಹೊಸ ತಾಳಗಳು ಅವರ ಮಡಿಲಲ್ಲಿ ಇದ್ದವು. ದೊಡ್ಡಪ್ಪ ನನ್ನ ಎಡಕ್ಕೆ ಕುಳಿತು, ಒಂದು ಕೈಯನ್ನು ಗಿಟಾರಿನ ಒಡಲಿಗೆ ಇಟ್ಟು ಶುರು ಮಾಡಿದರು. ಮೊದಲ ಪದಕ್ಕೆ ಚೆನ್ನಬಸಪ್ಪ ಹಾರ್ಮೋನಿಯಂ ಮೇಲಿಂದ ತಲೆ ಎತ್ತಿ ನೋಡಿದರು. ಎರಡನೆಯದಕ್ಕೆ ಹಿಂದೆ ಬೀಡಿ ಸೇದುತ್ತಿದ್ದವರು ಮುಂದೆ ಬಂದು ಕುಳಿತರು. ನನ್ನ ಬೆರಳು ಹರಿದು ರಕ್ತ ಬಂತು, ಬಿಡಲಿಲ್ಲ. ಕೊನೆಯ ಪದಕ್ಕೆ ಅಮರೇಶಪ್ಪ ಆ ಹೊಸ ತಾಳಗಳನ್ನು ತೆಗೆದು ತಾವೇ ಹಾಕತೊಡಗಿದರು.

ಇಷ್ಟಕ್ಕೆ ನನಗೆ ಶಹಬ್ಬಾಸ್ ಸಿಗಬೇಕಿತ್ತು. ಸಿಕ್ಕಿದ್ದು ಬೇರೆ. ಪ್ರಸಾದಕ್ಕೆ ಕುಳಿತಾಗ ನಾಲ್ಕು ಊರಿನ ಮಂದಿ ಇದೇನು ಹೊಸ ವಾದ್ಯ ಎಂದು ಕೇಳಿದರು. ದೊಡ್ಡಪ್ಪ ದೊಡ್ಡ ದನಿಯಲ್ಲಿ, "ನಮ್ಮ ತಮ್ಮಗ ಮೊದಲಿಂದ ಶ್ರುತಿಗ್ಯಾನ ಇಲ್ಲ. ಈ ವಯಸ್ಸಿನ್ಯಾಗ ಆಸಿ ಹುಟ್ಯದ. ಅದಕ್ಕ ಒಂದ ತಂತಿ ಕೊಟ್ಟು ಬಾಜೂಕ ಕುಂದ್ರಸಿಕೊಂಡು ಕಲಸಾಕತ್ತೀನಿ" ಅಂದರು. ಅಂದಿನಿಂದ ಮಾನ್ವಿ, ದೇವದುರ್ಗ, ರಾಯಚೂರು ಮೂರೂ ಕಡೆ ನಾನು ಬಸಲಿಂಗಪ್ಪನವರ ಶಿಷ್ಯ. ಇಷ್ಟು ವರ್ಷವಾದರೂ ಇನ್ನೊಂದು ತಂತಿಗೆ ಬಡ್ತಿ ಸಿಗದ ಶಿಷ್ಯ. ಅವರಿಗೆ ನಿಜ ಗೊತ್ತಿಲ್ಲ, ಪಾಪ, ಇರಲಿ ಎಂದು ನಾನು ದೊಡ್ಡ ಮನಸ್ಸು ಮಾಡಿಕೊಂಡು ನುಂಗುತ್ತ ಬಂದೆ. ಆ ದೊಡ್ಡ ಮನಸ್ಸಿನ ಬಗ್ಗೆ ನನಗೆ ಒಳಗೊಳಗೇ ಬಹಳ ಹೆಮ್ಮೆಯೂ ಇತ್ತು.

ಅದು ಕಳೆದ ಸೋಮವಾರ ಇಳಿಯಿತು. ಮಾನ್ವಿಯ ಅದೇ ಅಂಗಳ. ಚೆನ್ನಬಸಪ್ಪನವರ ಬೆರಳು ಈಗ ಮಡಿಚುವುದಿಲ್ಲ, ಹಾರ್ಮೋನಿಯಂನಲ್ಲಿ ಒಂದು ಮನೆ ಒತ್ತಲು ಹೋಗಿ ಎರಡು ಒತ್ತುತ್ತಾರೆ. ಅಮರೇಶಪ್ಪ ನನ್ನನ್ನು ಮತ್ತೆ ಅದೇ ಮೂಲೆಗೆ ಕರೆದು, "ಸರ, ನೀವು ಓದಿದವ್ರು. ಹಾರ್ಮೋನಿಯಂ ಪೆಟಗಿ ಬಿಡ್ರಿ ಅಂತ ಅವ್ರಿಗೆ ನೀವ ಹೇಳ್ರಿ" ಎಂದು ಮೆಲ್ಲಗೆ ಅಂದರು. ದೊಡ್ಡಪ್ಪ ಅದೇ ಕಟ್ಟೆಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಈಗ ಅವರಿಗೆ ಗುಡುಗು ಕೂಡ ಕೇಳುವುದಿಲ್ಲ. ಗಿಟಾರಿಗೆ ಗದ್ದ ಒತ್ತಿ ಹಿಡಿದು ಎಲುಬಿನಲ್ಲೇ ಶ್ರುತಿ ತೆಗೆದುಕೊಳ್ಳುತ್ತಾರೆ. ನಾನು ಹತ್ತಿರ ಹೋದಾಗ ಎಲೆ ಮಡಿಚುತ್ತ ಅಂದರು:

"ಚೆನ್ನಬಸಪ್ಪಗೂ ಹೇಳಂಗಿಲ್ಲ ಬಿಡು ನೀ. ಏನರ ಮಾಡಿಕೊಡು."

ನಾನು ನಿಂತಲ್ಲೇ ನಿಂತೆ. ಅಂಗಳದ ಈ ತುದಿಯಿಂದ ಆ ತುದಿ. ಹೋಟೆಲಿನ ಇಡ್ಲಿ, ಮಿರ್ಚಿ. ಇಷ್ಟು ವರ್ಷ ನಾವು ನಕ್ಕಿದ್ದ ಆ ಆಟ. ಅವರಿಗೆ ಕಾಣುವಂತೆ ತುಟಿ ಬಿಡಿಸಿ ಕೇಳಿದೆ, "ಅವತ್ತೂ ಗೊತ್ತಿತ್ತೇನು ದೊಡ್ಡಪ್ಪ?"

"ಅಮರೇಶಪ್ಪನ ಬಾಯಿ ಅಷ್ಟ ದೊಡ್ಡದದ, ಕುರುಡಗೂ ಕಾಣತದ" ಅಂದರು. "ನೀ ಹೇಳಿದ್ರ ಅವತ್ತ ತಾಳ ಹಿಡೀತಿದ್ನಿ. ಎರಡ ತಿಂಗಳು ಕಾದ್ನಿ. ನೀ ಬರೇ ಮಳಿ ಮಾತಾಡಿದಿ."

"ಮತ್ತ ಮಂದಿ ಮುಂದ ನನಗ ಕಲಸಾಕತ್ತೀನಿ ಅಂದದ್ದು?"

"ಏನನ್ನಬೇಕಿತ್ತಲೇ? ನಮ್ಮ ತಮ್ಮ ನನ್ನ ಸಲುವಾಗಿ ಬೆರಳ ಹರಕೊಂಡ ಅನ್ಲೇನು? ಅಂದಿದ್ರ ನನ್ನ ಕೊಳ್ಳು ಬಿಗೀತಿತ್ತು. ಹಾಡೋರು ಯಾರು?"

ಆಮೇಲೆ ಎಲೆಯನ್ನು ಬಾಯಿಗಿಟ್ಟುಕೊಂಡರು. ನಾನು ಅವರ ಪಕ್ಕದಲ್ಲಿ ಕುಳಿತು ಚಿಕ್ಕ ಹುಡುಗನ ಹಾಗೆ ಅತ್ತೆ. ಹೊಟ್ಟು ಬಿತ್ತೆನ್ನಲು ಅಲ್ಲಿ ಹೊಟ್ಟೂ ಇರಲಿಲ್ಲ.

ಅಂದಿನಿಂದ, ಕೇಳಿಸುವುದಿಲ್ಲವೆಂದು ಅವರ ಮುಖದೆದುರೇ ನಾನು ಏನೇನು ಆಡಿದ್ದೇನೆ ಎಂದು ನೆನಪು ಮಾಡಿಕೊಳ್ಳುತ್ತಿದ್ದೇನೆ. ಪಟ್ಟಿ ಉದ್ದವಿದೆ. ಇವತ್ತು ರೊಟ್ಟಿಯ ಮೇಲೆ ಹೊಟ್ಟು ಬಿದ್ದಾಗಲೂ ಅದನ್ನೇ ಯೋಚಿಸುತ್ತಿದ್ದೆ. ಊದಿ ತಿಂದೆ, ಹಲ್ಲಿಗೆ ಸ್ವಲ್ಪ ಸಿಕ್ಕಿತು. ತಟ್ಟೆ ತೊಳೆದಿಟ್ಟು ದೇವದುರ್ಗಕ್ಕೆ, ಮೋನಪ್ಪನವರಿಗೆ ಫೋನು ಮಾಡಿದೆ. ಹಾರ್ಮೋನಿಯಂಗೆ ಹೊಸ ಮನೆಗಳನ್ನು ಕೂರಿಸಬೇಕು, ಬಗ್ಗದ ಬೆರಳಿಗೆ ಸಿಗುವಷ್ಟು ಅಗಲದವು, ಆಗುತ್ತದೇನು ಎಂದು ಕೇಳಿದೆ.

"ಆಗ್ತದ ಸರ. ಅಳತಿ ಹೇಳ್ರಿ, ಬರಕೋತೀನಿ."

ಕೈಯಲ್ಲಿ ಪೆನ್ಸಿಲ್ಲೂ ಟೇಪೂ ಇದ್ದವು. ಟೇಪನ್ನು ಕೆಳಗಿಟ್ಟೆ.

"ಅವತ್ತು ನನ್ನ ಬಾಯಿ ತಪ್ಪಾತ್ರಿ ಮೋನಪ್ಪ" ಎಂದೆ. "ಅಳತಿ ನೀವ ಹೇಳ್ರಿ. ನಾ ಬರಕೋತೀನಿ."